ವಂದಿಸಿದವರ ಸಾಲು

ನನ್ನ ಸೂಚಿಯಲ್ಲಿ ಇಲ್ಲದ್ದು ‘ಸ್ಕಂದಗಿರಿ ವಾರ್ತೆ’ಯಲ್ಲೂ ಇಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಆ ಜಂಭ ಇಳಿದು ಐದು ತಿಂಗಳಾಯಿತು.

ನಾನು ದಕ್ಷಿಣಾಮೂರ್ತಿ. ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ನಿವೃತ್ತನಾದವನು. ಮುಂಗೋಪಿ ಎಂದು ಊರಿಗೆಲ್ಲ ಗೊತ್ತು, ನಾನೂ ಇಲ್ಲವೆನ್ನುವುದಿಲ್ಲ. ನಿವೃತ್ತಿಯ ಮೇಲೆ ಅಂತರ್ಜಾಲದ ಕನ್ನಡ ವಿಶ್ವಕೋಶಕ್ಕೆ ಬರೆಯುವ, ಬೇರೆಯವರು ಬರೆದದ್ದನ್ನು ತಿದ್ದುವ ಹುಚ್ಚು ಹಿಡಿಯಿತು. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಆದರೆ ಆಧಾರ ಕೊಡಬೇಕು: ಯಾವ ಪತ್ರಿಕೆ, ಯಾವ ದಿನ, ಎಷ್ಟನೆಯ ಪುಟ. ನಮ್ಮ ಕಡೆಯ ಹಳೆಯ ಸಂಗತಿಗಳಿಗೆ ಆಧಾರವೆಂದರೆ ಮೂವತ್ತೊಂದು ವರ್ಷ ನಡೆದು ನಿಂತ ‘ಸ್ಕಂದಗಿರಿ ವಾರ್ತೆ’ ವಾರಪತ್ರಿಕೆ. ಅದರ ಸಂಚಿಕೆಗಳನ್ನೆಲ್ಲ ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದರು. ಹಾಕಿದ್ದರು, ಅಷ್ಟೆ. ಸಾವಿರಾರು ಪುಟ, ಎಲ್ಲ ಬರೀ ಚಿತ್ರ. ಹೆಸರು ಕೊಟ್ಟು ಹುಡುಕಿದರೆ ಏನೂ ಸಿಗದು. ಒಂದೊಂದೇ ಪುಟ ತಿರುವುತ್ತ ಕೂರಬೇಕು. ಎಂಥವರೂ ಎರಡು ದಿನ ನೋಡಿ ಕೈಬಿಡುತ್ತಿದ್ದರು.

ನಾನು ಬಿಡಲಿಲ್ಲ. ಎರಡು ವರ್ಷ ಕೂತು ಪ್ರತಿ ಸುದ್ದಿಯ ತಲೆಬರಹ, ಮುಖ್ಯರ ಹೆಸರು, ಊರು, ದಿನಾಂಕ, ಪುಟ ಎಲ್ಲವನ್ನೂ ಟೈಪು ಮಾಡಿ ಸೂಚಿ ಮಾಡಿದೆ. ತಂಗಿಯ ಮಗಳು ಅಪೇಕ್ಷಾ ಅದಕ್ಕೊಂದು ಗುಂಡಿ ಕೂರಿಸಿಕೊಟ್ಟಳು. ಒತ್ತಿದರೆ ಸಾಕು, ಆಧಾರದ ಸಾಲು ಸಿದ್ಧವಾಗಿ ಬರುತ್ತದೆ. ಲೇಖನದ ಕೆಳಗೆ ಅಂಟಿಸಿಕೊಂಡರಾಯಿತು. ಧಾರವಾಡ, ಮಂಗಳೂರಿನಿಂದೆಲ್ಲ ಬಳಸಿದವರು ಮೆಚ್ಚಿ ಬರೆದರು. ಹೆಮ್ಮೆಯಾಯಿತು. ಯಾಕಾಗಬಾರದು?

ಜೂನ್ ತಿಂಗಳಲ್ಲಿ ವಿಶ್ವಕೋಶದಲ್ಲಿ ಒಂದು ಹೊಸ ಲೇಖನ ಕಂಡಿತು. ಜಂಗಮಕೋಟೆಯ ಆದಿಲಕ್ಷ್ಮಮ್ಮ ಎಂಬುವರು ಐವತ್ತು ವರ್ಷದ ಹಿಂದೆ ನಾಲ್ಕು ತಾಲ್ಲೂಕಿನಲ್ಲಿ ಹೆಂಗಸರಿಗೆ ಅಕ್ಷರ ಕಲಿಸುವ ತರಗತಿ ಶುರುಮಾಡಿದರು ಎಂದಿತ್ತು. ಆಧಾರ ಒಂದೂ ಇಲ್ಲ. ನನ್ನ ಸೂಚಿಯಲ್ಲಿ ನೋಡಿದೆ, ಆ ಹೆಸರೇ ಇಲ್ಲ. ಏಳು ದಿನದಲ್ಲಿ ಆಧಾರ ಒದಗದಿದ್ದರೆ ಅಳಿಸಲಾಗುವುದು ಎಂದು ಚೀಟಿ ಅಂಟಿಸಿ, ಅದರ ಕೆಳಗೆ ನನ್ನ ಹೆಸರು, ಊರು ಹಾಕಿದೆ.

ಮಾರನೆಯ ದಿನವೇ ನಡುವಯಸ್ಸಿನ ಹೆಂಗಸೊಬ್ಬರು ಮನೆ ವಿಚಾರಿಸಿಕೊಂಡು ಗೇಟು ತೆಗೆದು ಬಂದರು.

“ನಾನು ಗೌತಮಿ ಸಾರ್. ಚಿಂತಾಮಣೀಲಿ ಲೆಕ್ಚರರ್. ಆದಿಲಕ್ಷ್ಮಮ್ಮ ನಮ್ಮಜ್ಜಿ.”

“ಮನೆಯೋರ ಬಗ್ಗೆ ಮನೆಯೋರೇ ಬರೆಯೋ ಹಾಗಿಲ್ಲಮ್ಮ,” ಎಂದೆ.

“ಬೇರೆಯೋರು ಬರೆದಿದ್ರೆ ನಾನ್ಯಾಕೆ ಬರೀತಿದ್ದೆ ಸಾರ್? ಐವತ್ತು ವರ್ಷ ಕಾದಿದೀವಿ. ಪತ್ರಿಕೇಲಿ ಬಂದಿತ್ತು ಅಂತ ಅಜ್ಜಿ ಹೇಳ್ತಾರೆ.”

“ನನ್ನ ಸೂಚೀಲಿ ಇಲ್ಲ.”

“ನಿಮ್ಮ ಸೂಚೀಲಿ ಇಲ್ಲ, ಸರಿ. ಪತ್ರಿಕೇಲೂ ಇಲ್ವಾ?”

ನನಗೆ ರೇಗಿತು. ಲ್ಯಾಪ್‌ಟಾಪು ತೆರೆದು, ಎಲ್ಲಿದೆ ತೋರಿಸಿ ಎಂದೆ. ಅಜ್ಜಿ ನೆನಪಿನಿಂದ ಹೇಳಿ ಬರೆಸಿದ ಊರುಗಳ ಪಟ್ಟಿ ಆಕೆಯ ಬಳಿ ಇತ್ತು. ಮೊದಲನೆಯದು ಜಂಗಮಕೋಟೆ, 1971. ‘ಶಾಸಕರಿಂದ ಮಹಿಳಾ ಅಕ್ಷರ ತರಗತಿ ಉದ್ಘಾಟನೆ’ ಎಂಬ ಸುದ್ದಿ ಸೂಚಿಯಲ್ಲಿತ್ತು. ಪುಟ ತೆರೆದೆ. ಶಾಸಕರ ಭಾಷಣ, ವೇದಿಕೆಯ ಮೇಲಿದ್ದ ಏಳು ಜನರ ಹೆಸರು, ಎಲ್ಲ ನಾನು ಟೈಪು ಮಾಡಿದ್ದವೇ. ಗೌತಮಿ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು: ‘ಶ್ರೀಮತಿ ಕದಿರಮ್ಮ ಪ್ರಾರ್ಥಿಸಿದರು. ಶ್ರೀಮತಿ ಆದಿಲಕ್ಷ್ಮಮ್ಮ ವಂದಿಸಿದರು.’

ನಮ್ಮಲ್ಲಿ ಸಭೆಯ ಸುದ್ದಿ ಮುಗಿಯುವುದೇ ಹೀಗೆ. ಆ ಸಾಲನ್ನು ವಂದಿಸಿದವರ ಮನೆಯವರು ಬಿಟ್ಟರೆ ಯಾರು ಓದುತ್ತಾರೆ? ಎರಡು ವರ್ಷದಲ್ಲಿ ನಾನು ಒಂದು ಸಲವೂ ಓದಿರಲಿಲ್ಲ.

ಗೌರಿಬಿದನೂರಿನ ಪುಟ ತೆರೆದೆವು, ಮುದ್ದೇನಹಳ್ಳಿಯದು ತೆರೆದೆವು. ಹದಿನಾಲ್ಕು ಊರು, ಹದಿನಾಲ್ಕು ತರಗತಿ. ಒಂದು ಕಡೆ ತಹಶೀಲ್ದಾರರು ದೀಪ ಹಚ್ಚಿದ್ದರು, ಇನ್ನೊಂದು ಕಡೆ ರೇಷ್ಮೆ ಸಂಘದ ಅಧ್ಯಕ್ಷರು. ವಂದಿಸಿದವರು ಮಾತ್ರ ಎಲ್ಲ ಕಡೆಯೂ ಒಬ್ಬರೇ. ಕೆಲಸ ಮಾಡಿದವರನ್ನು ಬಿಟ್ಟು ಹಾರ ಹಾಕಿಸಿಕೊಂಡವರನ್ನೆಲ್ಲ ಬರೆದುಕೊಂಡಿದ್ದೆ. ನನಗೆ ನಾಚಿಕೆಯಾಯಿತು.

ಆದರೂ ಹೇಳಬೇಕಾದ್ದನ್ನು ಹೇಳಿದೆ. “ವಂದಿಸಿದರು ಅನ್ನೋದೊಂದೇ ಸಾಲದಮ್ಮ. ಅವರ ಕೆಲಸದ ಬಗ್ಗೆ ಬರೆದದ್ದು ಸಿಗ್ಬೇಕು. ಇಲ್ದಿದ್ರೆ ಲೇಖನ ಉಳಿಯಲ್ಲ.”

ಗೌತಮಿ ಊರುಗಳ ಪಟ್ಟಿಯನ್ನು ನನ್ನ ಮುಂದೆ ಸರಿಸಿದರು. “ಅಜ್ಜಿಗೆ ಎಂಬತ್ತಾರು ಸಾರ್. ಅವರಿರೋವಾಗ್ಲೇ ಇನ್ನೊಂದ್ಸಲ ಬರೆಯೋಕೆ ನಂಗೆ ಟೈಮ್ ಸಿಗುತ್ತೋ ಇಲ್ವೋ.”

ಉಳಿದದ್ದು ಐದು ದಿನ. ಈಗ ಊರೂ ದಿನಾಂಕವೂ ಕೈಯಲ್ಲಿದ್ದವು. ಆ ವರ್ಷಗಳ ಪುಟಗಳನ್ನು ಈ ಸಲ ತಲೆಯಿಂದ ಬಾಲದವರೆಗೆ ಓದಿದೆ. ನಾಲ್ಕನೆಯ ದಿನ ಸಿಕ್ಕಿತು. 1974ರ ಆಗಸ್ಟ್, ಮೂರನೆಯ ಪುಟ. ‘ತಾಲ್ಲೂಕಿನ ಸಾಕ್ಷರತಾ ಪ್ರಗತಿ’ ಎಂಬ ಒಣ ತಲೆಬರಹ ನೋಡಿ ನಾನು ಒಬ್ಬ ಅಧಿಕಾರಿಯ ಹೆಸರಷ್ಟೇ ಬರೆದುಕೊಂಡು ಮುಂದೆ ಹೋಗಿದ್ದೆ. ಕೆಳಗೆ ಎರಡು ಕಾಲಂ ತುಂಬ ಆದಿಲಕ್ಷ್ಮಮ್ಮನವರೇ. ರೇಷ್ಮೆ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕಿ ಮುಗಿಸಿ ಸಂಜೆ ಕಲಿಸಲು ಹೊರಡುತ್ತಿದ್ದರು, ಹತ್ತಿರದ ಊರಿಗೆ ನಡೆದುಕೊಂಡು, ದೂರದ್ದಕ್ಕೆ ಬಸ್ಸಿನಲ್ಲಿ. ಮೊದಲು ಊರಾಚೆಯ ಕೇರಿಯಲ್ಲಿ ಕಲಿಸಿದರು, ಮೂರು ವರ್ಷದ ಮೇಲೆ ಊರೊಳಗಿನ ಹೆಂಗಸರು ತಾವಾಗಿ ಬಂದು ಕೂತರು. 1979ರಲ್ಲಿ ಇನ್ನೊಂದು ಬರಹವೂ ಸಿಕ್ಕಿತು. ಚೀಟಿಯನ್ನು ನಾನೇ ಕಿತ್ತೆ. ಮೊಮ್ಮಗಳು ಬರೆಯಬಾರದಷ್ಟೆ, ನಾನು ಬರೆಯಬಹುದಲ್ಲ. ಇಡೀ ಲೇಖನವನ್ನು ಹೊಸದಾಗಿ ಬರೆದೆ.

ಆಮೇಲೆ ಸೂಚಿಯನ್ನು ಮೊದಲ ಸಂಚಿಕೆಯಿಂದ ಮತ್ತೆ ಹಿಡಿದೆ, ಈ ಸಲ ಕೊನೆಯ ಸಾಲುಗಳಿಗಾಗಿ. ಎಪ್ಪತ್ತರ ದಶಕದ ಸಂಚಿಕೆಗಳು ಮುಗಿದಾಗ ಗೌತಮಿ ನನ್ನನ್ನು ಜಂಗಮಕೋಟೆಗೆ ಕರೆದೊಯ್ದರು.

“ಏನ್ ಮೇಷ್ಟ್ರೇ, ನನ್ನ ಅಳಿಸಾಕಕ್ಕೆ ಹೊಂಟಿದ್ರಂತೆ,” ಎಂದು ಆದಿಲಕ್ಷ್ಮಮ್ಮ ನಕ್ಕರು.

“ಹೌದಮ್ಮ. ತಪ್ಪು ನಂದೇ.”

ಲೇಖನ ಓದಿ ಹೇಳಿದೆ. ಅಜ್ಜಿ ಒಂದೆರಡು ಕಡೆ ತಲೆಯಾಡಿಸಿದರು. ಮುಗಿದ ಮೇಲೆ ಕೇಳಿದರು, “ಕದಿರಮ್ಮಂದು ಇಲ್ವಾ?”

ನಾನು ಗೌತಮಿಯ ಮುಖ ನೋಡಿದೆ.

“ಮನೆಮನೆಗೂ ಹೋಗಿ ಹೆಂಗಸ್ರನ್ನ ಕರ್ಕೊಂಡ್ ಬತ್ತಿದ್ದೋಳೇ ಅವಳು. ಗಂಡಂದ್ರ ಕೈಲಿ ಬೈಸ್ಕೊಂಡೋಳೂ ಅವಳೇ. ಅವಳಿಲ್ದೆ ನಾನ್ ಯಾರ್ಗೆ ಕಲಿಸ್ಲಿ? ಹೋಗ್ಬಿಟ್ಲು, ಇಪ್ಪತ್ತು ವರ್ಷ ಆಯ್ತು.”

ಸೂಚಿಯಲ್ಲಿ ಕದಿರಮ್ಮ ಎಂದು ಹುಡುಕಿದೆ. ಹನ್ನೊಂದು ಪುಟ ಬಂದವು. ಹನ್ನೊಂದರಲ್ಲೂ ಪ್ರಾರ್ಥಿಸಿದರು, ಪ್ರಾರ್ಥಿಸಿದರು. ಪರದೆಯನ್ನು ಅಜ್ಜಿಯ ಕಡೆ ತಿರುಗಿಸಿದೆ. ಅವರು ಕನ್ನಡಕ ಏರಿಸಿಕೊಂಡು ತಾವೇ ಓದಿದರು.

“ಅವುನಾ,” ಹೌದಾ ಎಂದು ತೆಲುಗಿನಲ್ಲಿ ಅಂದುಕೊಂಡರು. “ಶ್ರೀಮತಿ ಅಂತ ಹಾಕವ್ರೆ. ಊರಲ್ಲಿ ಒಬ್ರೂ ಅವಳ್ನ ಹಂಗ್ ಕರೀಲಿಲ್ಲ.” ಕಣ್ಣು ತುಂಬಿದ್ದವು, ಆದರೆ ಮುಖದಲ್ಲಿದ್ದದ್ದು ಹೆಮ್ಮೆ.

“ನಿಮ್ಮ ಲೇಖನದಲ್ಲೇ ಅವರನ್ನೂ ಸೇರಿಸ್ತೀನಮ್ಮ. ನಿಮ್ಮ ಹೆಸರಾದ ಮೇಲೆ ಹಾಕಲಾ?”

“ಎಷ್ಟ್ ಸಭೆ ನೋಡಿದೀರ ಮೇಷ್ಟ್ರೇ ನೀವು?” ಅಜ್ಜಿ ನೆಟ್ಟಗೆ ಕೂತರು. “ಪ್ರಾರ್ಥನೆ ಮೊದ್ಲು. ವಂದನೆ ಆಮೇಲೆ.”

ಅಲ್ಲೇ ಅವರ ಮುಂದೆಯೇ ಕೂತು ಹಾಗೇ ಬರೆದೆ.