ಮಾತಾಡಿಸಿಕೊಂಡು ಬರುವುದು

ಮಾಡದಕೆರೆಯ ಶಿವಕುಮಾರಪ್ಪ ತೀರಿಕೊಂಡ ಸುದ್ದಿ ಬಾಗೂರಿಗೆ ಬರುವ ಹೊತ್ತಿಗೆ ಮಣ್ಣೂ ಆಗಿಹೋಗಿತ್ತು. ಬೆಳಗಿನ ಜಾವ ಎದೆ ಹಿಡಿದುಕೊಂಡಿತಂತೆ, ಕಾರು ಸಿಗುವಷ್ಟರಲ್ಲಿ ಜೀವ ಹೋಗಿತ್ತಂತೆ. ಕೊರೊನಾ ಅಲ್ಲ ಅಂತ ಊರಿಗೆಲ್ಲ ಗೊತ್ತಿದ್ದರೂ ಯಾರಾದರೂ ಹಾಗಂದುಬಿಟ್ಟಾರು ಅನ್ನುವ ಭಯ ಒಂದು ಕಡೆ, ಇಪ್ಪತ್ತು ಜನ ಮೀರಿದರೆ ಪೊಲೀಸ್ ಜೀಪು ಬಂದೀತು ಅನ್ನುವ ಭಯ ಇನ್ನೊಂದು ಕಡೆ. ಬಿಸಿಲೇರುವ ಮೊದಲೇ ಹೊಲದಲ್ಲಿ ಮಣ್ಣು ಮಾಡಿ ಕೈ ತೊಳೆದುಕೊಂಡಿದ್ದರು. ಬದುಕಿದ್ದಾಗ ಯಾವ ಕೆಲಸಕ್ಕೂ ಅವಸರ ಮಾಡದ ಮನುಷ್ಯ ಹೋಗುವಾಗ ಮಾತ್ರ ಹೀಗೆ ದಡಬಡ ಹೋದ.

ಸುದ್ದಿ ಬಂದದ್ದು ಬಸಮ್ಮನ ಮಗ ಗುರುರಾಜನ ಮೊಬೈಲಿಗೆ. ಹಾರ ಹಾಕಿದ ಒಂದು ಫೋಟೊ, ಅದರ ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ತೀರಿಕೊಂಡವನು ಬಸಮ್ಮನ ಅಕ್ಕ ಹಾಲಮ್ಮನ ಗಂಡ. ಬಸಮ್ಮ ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಅತ್ತು ಮುಗಿದ ಮೇಲೆ ತಲೆಗೆ ಬಂದದ್ದು ಸತ್ತ ಭಾವನಲ್ಲ, ಉಳಿದ ಅಕ್ಕ. ಅಕ್ಕನ ಜೊತೆ ಅವಳು ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು.

ಮಾತು ಬಿಡಲು ಕಾರಣ ಒಂದು ಫೋನು. ಹಾಲಮ್ಮನ ಮಗಳು ಬಿಂದುವಿನ ಮದುವೆಗೆ ಹಾಲಮ್ಮ ಊರೂರು ತಿರುಗಿ, ಮನೆಮನೆಗೆ ಹೋಗಿ, ಕುಂಕುಮ ಇಟ್ಟು ಕರೆದು ಬಂದಿದ್ದಳು. ಬಾಗೂರಿನ ಸರದಿ ಬರುವಷ್ಟರಲ್ಲಿ ಮಂಡಿ ನೋವು ಬಂತೋ, ದಿನ ಸಾಲದೆ ಹೋಯಿತೋ, ನಮ್ಮ ಬಸಿ ತಾನೇ ಅನ್ನುವ ಸದರವೋ, ಫೋನು ಮಾಡಿ ಕರೆದಳು. ನೀನೇನು ಹೊರಗಿನವಳಲ್ಲವಲ್ಲ, ನಾಲ್ಕು ದಿನ ಮುಂಚೇನೇ ಬಂದುಬಿಡು ಅಂದಳು. ಬಸಮ್ಮ ಆಗಲಿ ಅಂತ ಫೋನಿಟ್ಟವಳು ಮದುವೆಗೂ ಹೋಗಲಿಲ್ಲ, ಬೀಗರೂಟಕ್ಕೂ ಹೋಗಲಿಲ್ಲ. ಹೋಗದೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಫೋನು ಮಾಡಿ ಕರೆಯೋದು ಗ್ಯಾಸ್ ಸಿಲಿಂಡರ್ ತರೋನನ್ನ, ಒಡಹುಟ್ಟಿದೋಳನ್ನಲ್ಲ ಅಂತ ಸಿಕ್ಕಸಿಕ್ಕವರ ಮುಂದೆ ಹೇಳಿಕೊಂಡು ತಿರುಗಿದಳು. ಇಂಥ ಮಾತು ಬಸ್ಸಿಗೂ ಕಾಯುವುದಿಲ್ಲ. ಮಾಡದಕೆರೆಗೆ ಮುಟ್ಟಿತು, ಹಾಲಮ್ಮನ ಬಾಯಿಯೂ ಬಂದ್ ಆಯಿತು.

ಆದರೆ ಈ ಸೀಮೆಯ ಜಗಳಗಳಿಗೆ ಒಂದು ಬಾಗಿಲು ಇಟ್ಟಿರುತ್ತಾರೆ. ಮದುವೆಗೆ ಕರೆಯಬೇಕು, ಸಾವಿಗೆ ಯಾರನ್ನೂ ಕರೆಯುವುದಿಲ್ಲ. ಕರೆಯದ ಮೇಲೆ ಕರೆದದ್ದು ಸರಿಯಿಲ್ಲ ಅನ್ನುವ ಮಾತೂ ಇಲ್ಲ. ಎಂಥಾ ಸಿಟ್ಟಿನವರೂ ಸಾವಿನ ಮನೆಗೆ ತಾವಾಗಿ ನಡೆದು ಹೋಗಬಹುದು, ಹೋದರೆ ಹಳೆಯದೆಲ್ಲ ಅಲ್ಲಿಗೆ ಮುಗಿಯಿತು. ಹನ್ನೊಂದನೇ ದಿನದ ಕಾರ್ಯ ಮುಗಿಯುವುದರೊಳಗೆ ಹೋಗಲಿಲ್ಲವೋ, ಆ ಬಾಗಿಲೂ ಮುಚ್ಚಿದ ಹಾಗೆ. ಆಮೇಲೆ ಅಕ್ಕನಿಲ್ಲ, ತಂಗಿಯಿಲ್ಲ. ಇದನ್ನು ಬಸಮ್ಮನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೀಗೆ ಹೋಗುವುದಕ್ಕೆ ಇಲ್ಲಿ ಮಾತಾಡಿಸಿಕೊಂಡು ಬರುವುದು ಅನ್ನುತ್ತಾರೆ. ಹೆಸರಿಗೆ ಮಾತು, ಅಲ್ಲಿ ಮಾತೇ ಇರುವುದಿಲ್ಲ. ಸಾವಿನ ಮನೆಯವರು ಬರ್ರಿ ಅನ್ನುವುದಿಲ್ಲ. ಹೋದವರು ಒಂದಿಷ್ಟು ಅತ್ತು, ಗೋಡೆಗೆ ಒರಗಿ ಸುಮ್ಮನೆ ಕೂರುತ್ತಾರೆ. ಕೂತು ಸಾಕಾದ ಮೇಲೆ ಎದ್ದು, ಹೋಗಿ ಬರ್ತೀನಿ ಅನ್ನದೆ, ಹಿಂದಕ್ಕೆ ತಿರುಗಿ ನೋಡದೆ ಹೊರಟುಬಿಡುತ್ತಾರೆ. ಸಾವಿನ ಮನೆಗೆ ಮತ್ತೆ ಬರ್ತೀನಿ ಅಂತ ಯಾರು ಹೇಳುತ್ತಾರೆ? ತಮ್ಮ ಮನೆಗೆ ಬಂದವರು ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗುತ್ತಾರೆ. ಲಿಂಗವಂತರಿಗೆ ಸೂತಕವಿಲ್ಲ ಅಂತ ಮಠದಲ್ಲಿ ಹೇಳುವುದನ್ನು ಬಸಮ್ಮ ಭಕ್ತಿಯಿಂದ ಕೇಳಿದ್ದಳು. ಕೇಳಿ ಬಂದು, ಬಚ್ಚಲಿನ ವಿಷಯದಲ್ಲಿ ಮಾತ್ರ ತನ್ನ ಅತ್ತೆ ಹೇಳಿದಂತೆಯೇ ನಡೆದುಕೊಂಡಿದ್ದಳು.

ಲಾಕ್‌ಡೌನ್ ಶುರುವಾಗಿ ತಿಂಗಳಾಗಿತ್ತು. ಬಾಗೂರಿನ ಜನ ಮೊದಲ ವಾರ ಹೆದರಿದ್ದರು, ಎರಡನೇ ವಾರ ಬೇಜಾರಾಗಿದ್ದರು, ಈಗ ರೂಢಿ ಮಾಡಿಕೊಂಡಿದ್ದರು. ರೇಷನ್ ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ವೃತ್ತಗಳಲ್ಲಿ ಜನರ ಬದಲು ಚೀಲಗಳು ನಿಂತಿರುತ್ತಿದ್ದವು, ಚೀಲದ ಯಜಮಾನರು ಬೇವಿನ ಮರದ ನೆರಳಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಕೂತಿರುತ್ತಿದ್ದರು. ಟೀ ಅಂಗಡಿಯ ಬಾಗಿಲು ಮುಂದೆ ಮುಚ್ಚಿತ್ತು, ಹಿಂದೆ ತೆರೆದಿತ್ತು. ಜೀಪಿನ ಸದ್ದು ಕೇಳಿದರೆ ಗದ್ದದ ಮೇಲಿದ್ದ ಮಾಸ್ಕು ಮೂಗಿಗೆ ಏರುತ್ತಿತ್ತು, ಸದ್ದು ದೂರವಾದರೆ ಇಳಿಯುತ್ತಿತ್ತು. ಬಸಮ್ಮನ ಗಂಡ ಅಜ್ಜಪ್ಪ ಮಾಸ್ಕಿನ ತಂಟೆಗೇ ಹೋಗದೆ ಟವಲ್ಲನ್ನು ಮೂಗಿಗೆ ಸುತ್ತಿ, ಎಲೆ ಅಡಿಕೆ ಉಗುಳಬೇಕಾದಾಗಲೆಲ್ಲ ಬಿಚ್ಚುತ್ತಿದ್ದ. ಇಷ್ಟರಲ್ಲಿ ಯಾರಿಗೂ ಊರು ಬಿಟ್ಟು ಹೋಗುವ ಅಗತ್ಯ ಬಿದ್ದಿರಲಿಲ್ಲ. ಬಸಮ್ಮನಿಗೆ ಬಿತ್ತು.

ಮಾರನೆಯ ಬೆಳಿಗ್ಗೆ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಗುರುರಾಜ ಹೊರಟ. ದಾರಿಯಲ್ಲಿ ತಡೆದರೆ ಹೊಸದುರ್ಗದ ಆಸ್ಪತ್ರೆಗೆ ಹೋಗ್ತಿದೀವಿ ಅನ್ನಬೇಕು ಅಂತ ಅವನೇ ತೀರ್ಮಾನಿಸಿ, ಅಪ್ಪನ ಬಿಪಿ ಮಾತ್ರೆಯ ಖಾಲಿ ಹಾಳೆಯೊಂದನ್ನು ಸಾಕ್ಷಿಗೆ ಜೇಬಿನಲ್ಲಿಟ್ಟುಕೊಂಡಿದ್ದ. ಈ ಯೋಜನೆಯನ್ನು ತಾಯಿಗೆ ತಿಳಿಸಲು ಮರೆತಿದ್ದ.

ಹೊಸದುರ್ಗದ ಹೊರಗೆ ಬ್ಯಾರಿಕೇಡು ಹಾಕಿದ್ದರು. ಅಲ್ಲಿದ್ದ ಪೊಲೀಸಿನವನು ಇನ್ನೂ ಎಳೆಯ ವಯಸ್ಸಿನವನು, ಮಾತು ಕೇಳಿದರೆ ಕರಾವಳಿ ಕಡೆಯವನು ಅಂತ ಗೊತ್ತಾಗುತ್ತಿತ್ತು. ಗುರುರಾಜ ಮಾತ್ರೆಯ ಹಾಳೆ ತೋರಿಸಿ ಆಸ್ಪತ್ರೆ ಅಂದ. ಪೊಲೀಸಿನವನು ಹಾಳೆಯನ್ನೂ ಬಸಮ್ಮನ ಮುಖವನ್ನೂ ನೋಡಿ, ಏನಾಗಿದೆ ಅಮ್ಮ ಅಂತ ಅವಳನ್ನೇ ಕೇಳಿದ.

"ನನಗೇನಾಗೈತಪ್ಪ, ಗಟ್ಟಿಯಾಗಿದೀನಿ," ಅಂದಳು ಬಸಮ್ಮ. "ಮಾಡದಕೆರೇಲಿ ನಮ್ಮಕ್ಕನ್ನ ಮಾತಾಡ್ಸಿಕೊಂಡು ಬರಾಕೆ ಹೊಂಟಿದೀವಿ."

ಅವಳ ಪ್ರಕಾರ ಇದಕ್ಕಿಂತ ಬಿಡಿಸಿ ಹೇಳುವುದು ಏನೂ ಇರಲಿಲ್ಲ. ಬೆಳಿಗ್ಗೆ ಬೆಳಿಗ್ಗೆ ಹೂ ಮುಡಿಯದೆ, ಮಾಸಿದ ಸೀರೆಯಲ್ಲಿ ಹೆಂಗಸೊಬ್ಬಳು ಮಾತಾಡಿಸಿಕೊಂಡು ಬರಲು ಹೊರಟಿದ್ದಾಳೆ ಅಂದರೆ ಬಾಗೂರಿನಲ್ಲಿ ಮಕ್ಕಳೂ ದಾರಿ ಬಿಡುತ್ತಾರೆ. ಪೊಲೀಸಿನವನು ಬೇರೆ ಕನ್ನಡದಲ್ಲಿ ಹುಟ್ಟಿ ಬೆಳೆದವನು. ಅವನಿಗೆ ನಗು ಬಂತು.

"ಅಕ್ಕನ ಹತ್ರ ಮಾತಾಡ್ಲಿಕ್ಕೆ ಈಗ ಹೋಗ್ಬೇಕಾ ಅಮ್ಮ? ಮನೆಯಲ್ಲಿ ಫೋನಿಲ್ವಾ?"

ಲೋಕದಲ್ಲಿ ಇಷ್ಟೊಂದು ಮಾತುಗಳಿರುವಾಗ ಅವನ ಬಾಯಿಂದ ಅದೇ ಬರಬೇಕಿತ್ತು. ಫೋನು ಅನ್ನುವುದು ಕಿವಿಗೆ ಬಿದ್ದದ್ದೇ ಬಸಮ್ಮನಿಗೆ ಮೈಯೆಲ್ಲ ಉರಿಯಿತು. ಫೋನಲ್ಲಿ ಮಾತಾಡ್ಸಿದ್ರೆ ಅದು ಮಾತಾಡ್ಸಿದಂಗಾಗುತ್ತೇನಪ್ಪ, ನಿಮ್ಮ ಕಡೆ ಹಂಗೇನು ಅಂತ ಕೇಳಿಯೇಬಿಟ್ಟಳು. ಅವನು ಸಿಟ್ಟಾಗಲಿಲ್ಲ. ಇದೆಲ್ಲ ಮುಗಿದ ಮೇಲೆ ಅಕ್ಕ ತಂಗಿ ಎಷ್ಟು ಬೇಕಾದರೂ ಹರಟೆ ಹೊಡೆಯಿರಿ ಅಂತ ಹೇಳಿ, ಬೈಕು ತಿರುಗಿಸಲು ಕೈ ಮಾಡಿದ. ಗುರುರಾಜ ಆಗ ಬಾಯಿಬಿಟ್ಟು, ಸರ್, ಸಾವಾಗಿದೆ ಅಂದ. ಆಸ್ಪತ್ರೆ ಅಂದವನೇ ಈಗ ಸಾವು ಅನ್ನುತ್ತಿದ್ದಾನೆ. ಪೊಲೀಸಿನವನು ಮಾತ್ರೆಯ ಖಾಲಿ ಹಾಳೆಯನ್ನು ಅವನ ಕೈಗೆ ವಾಪಸು ಕೊಟ್ಟ, ಅಷ್ಟೇ.

ಗುರುರಾಜ ಬೈಕನ್ನು ಬಾಗೂರಿಗೇ ತಿರುಗಿಸಿದ. ಹರಟೆ ಅಂದದ್ದು ಬಸಮ್ಮನಿಗೆ ಮುಳ್ಳಿನಂತೆ ಚುಚ್ಚುತ್ತಿತ್ತು.

ಗುರುರಾಜ ಸುಮ್ಮನೆ ಕೂರಲಿಲ್ಲ, ಪಾಸು ಸಿಗುತ್ತದೋ ಅಂತ ವಿಚಾರಿಸಿಕೊಂಡು ಬಂದ. ಮಣ್ಣಿಗೆ ಹೋಗಲು ಪಾಸು ಕೊಡುತ್ತಾರೆ, ಮಣ್ಣಾಗಿಹೋಗಿದ್ದರೆ ಕೊಡುವುದಿಲ್ಲ. ಮಾತಾಡಿಸಿಕೊಂಡು ಬರುವುದು ಅನ್ನುವ ಕಾರಣ ಪಾಸಿನಲ್ಲಿ ಇರಲಿಲ್ಲ. ಹೊಲದ ದಾರಿ ಹಿಡಿದು ಹೋಗಾಣ ಅಂದರೆ, ಮಾಡದಕೆರೆಯವರು ಊರ ಬಾಯಿಗೆ ಜಾಲಿ ಮುಳ್ಳು ಕಡಿದು ಹಾಕಿ, ಹೊರಗಿನವರನ್ನು ಬಿಡುತ್ತಿಲ್ಲ ಅನ್ನುವ ಸುದ್ದಿ ಬಂತು. ಹಾಲಮ್ಮನ ಸ್ವಂತ ನಾದಿನಿಯನ್ನೇ ವಾಪಸು ಕಳಿಸಿದರಂತೆ ಅಂತ ಅಜ್ಜಪ್ಪ ಎಲ್ಲಿಂದಲೋ ಕೇಳಿಕೊಂಡು ಬಂದು ಹೇಳಿದ. ಬೇರೆಯವರೂ ಹೋಗಿಲ್ಲ ಅನ್ನುವುದು ಹೆಂಡತಿಗೆ ಸಮಾಧಾನ ತರಬಹುದು ಅಂದುಕೊಂಡಿದ್ದ. ಬೇರೆಯವರು ಮಾತು ಬಿಟ್ಟವರಲ್ಲವಲ್ಲ. ಅವರು ಹೋಗದಿದ್ದರೆ ಲಾಕ್‌ಡೌನು, ಬಸಮ್ಮ ಹೋಗದಿದ್ದರೆ ಹಗೆ.

ಉಳಿದದ್ದು ಫೋನು. ಅಜ್ಜಪ್ಪ ಮೊದಲ ದಿನವೇ ಫೋನು ಮಾಡಿ, ಹಿಂಗಾಗಬಾರದಿತ್ತು ಅಂತ ಎರಡು ಮಾತಾಡಿ ಮುಗಿಸಿದ್ದ. ನೀನೂ ಮಾಡು ಅಂತ ಮಗ ಹೇಳಿದ, ಗಂಡ ಹೇಳಿದ. ಬಸಮ್ಮ ಮಾಡಲಿಲ್ಲ. ಫೋನಿನಲ್ಲಿ ಕರೆದರು ಅಂತ ನಾಲ್ಕು ವರ್ಷ ಮುಖ ತಿರುಗಿಸಿಕೊಂಡು ಕೂತವಳು, ಫೋನಿನಲ್ಲಿ ಸಾವು ಕೇಳುವುದು ಹೇಗೆ? ಗ್ಯಾಸ್ ಸಿಲಿಂಡರಿನ ಮಾತನ್ನು ಹಾಲಮ್ಮ ತಿರುಗಿಸಿ ತನ್ನ ಮುಖಕ್ಕೇ ಹೊಡೆದರೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೂ ಅವಳು ತಯಾರಿದ್ದಳೋ ಏನೋ. ಮಾತೇ ಆಡದೆ ಅಕ್ಕ ಫೋನು ಇಟ್ಟುಬಿಟ್ಟರೆ ಅನ್ನುವುದೇ ಅವಳ ಹೆದರಿಕೆ. ಮನೆಗೆ ಹೋದರೆ ಎಬ್ಬಿಸಿ ಕಳಿಸುವವರಿಲ್ಲ, ಫೋನಿನಲ್ಲಾದರೆ ಒಂದು ಬೆರಳು ಸಾಕು.

ದಿನಗಳು ಹೋದವು. ನಾಳೆ ಹನ್ನೊಂದನೇ ದಿನದ ಕಾರ್ಯ ಅನ್ನುವಾಗ, ಸಂಜೆ ದೀಪ ಹಚ್ಚುವ ಮುಂಚೆ, ಬಸಮ್ಮ ಮುಖ ತೊಳೆದು ಹಳೆಯ ಸೀರೆ ಉಟ್ಟು ನಡುಮನೆಗೆ ಬಂದಳು. ಮಾಡು ಅಂತ ಮಗನಿಗೆ ಹೇಳಿದಳು. ಅವನು ದೊಡ್ಡಮ್ಮನ ನಂಬರು ಒತ್ತಿದ. ಸ್ಪೀಕರ್ ಹಾಕಿ ಫೋನನ್ನು ಮಣೆಯ ಮೇಲಿಟ್ಟ. ಅವಳು ತಲೆ ಮೇಲೆ ಸೆರಗು ಹೊದ್ದು, ಗೋಡೆಗೆ ಒರಗಿ ಅದರೆದುರು ನೆಲದ ಮೇಲೆ ಕೂತಳು.

ಎತ್ತಿದ್ದು ಬಿಂದು. ಚಿಕ್ಕಮ್ಮ ಅಂದಳು. ಆಮೇಲೆ, ಅಮ್ಮನ ಹತ್ರ ಇಡ್ತೀನಿ ಅಂದಳು.

ಹಾಲಮ್ಮ ಎಲ್ಲಿಗೆ ಬಂದರೂ ಅವಳಿಗಿಂತ ಮುಂಚೆ ಅವಳ ಬಳೆ ಸದ್ದು ಬರುತ್ತಿತ್ತು. ಚಿಕ್ಕಂದಿನಿಂದಲೂ ಕೈತುಂಬ ಬಳೆಯ ಹುಚ್ಚು. ಬಸಮ್ಮ ಕಾದಳು. ಬಳೆ ಸದ್ದು ಬರಲಿಲ್ಲ, ಯಾರೋ ಬಂದು ಕೂತ ಸದ್ದು ಬಂತು. ಭಾವ ಇಲ್ಲ ಅನ್ನುವುದು ಬಸಮ್ಮನಿಗೆ ನಿಜವಾಗಿ ಗೊತ್ತಾದದ್ದು ಆಗ. ಅಯ್ಯೋ ಅಕ್ಕ ಅಂತ ಅವಳು ಅತ್ತಳು. ಆ ಕಡೆಯೂ ಅಳು ಕೇಳಿಸಿತು. ಇಬ್ಬರೂ ಬಹಳ ಹೊತ್ತು ಅತ್ತರು, ಆಮೇಲೆ ಇಬ್ಬರೂ ಸುಮ್ಮನಾದರು.

ಸುಮ್ಮನೆ ಕೂತರು. ಆ ಮನೆಯ ಫ್ಯಾನು ತಿರುಗುವುದು ಕೇಳುತ್ತಿತ್ತು, ಹಿತ್ತಲಲ್ಲಿ ಕರು ಕೂಗಿದ್ದು ಕೇಳಿಸಿತು. ಸಿಗ್ನಲ್ ಹೋಯಿತೇನೋ ಅಂತ ಗುರುರಾಜ ಫೋನಿಗೆ ಕೈ ಹಾಕಿದ, ಬಸಮ್ಮ ಅವನ ಕೈ ಮೇಲೆ ಒಂದು ಏಟು ಹಾಕಿದಳು. ಹೊರಗಿನಿಂದ ಬಂದ ಅಜ್ಜಪ್ಪ ಹೆಂಡತಿಯನ್ನೂ ಮಣೆಯನ್ನೂ ನೋಡಿ, ಟವಲ್ಲು ತೆಗೆದು ಮಡಿಲಲ್ಲಿಟ್ಟುಕೊಂಡು ಬಾಗಿಲ ಹತ್ತಿರ ಕೂತ. ಗಂಡಸರು ಸಾವಿನ ಮನೆಯಲ್ಲಿ ಅಲ್ಲೇ ಕೂರುವುದು.

"ಫೋನಲ್ಲಿ ಬಂದ್ಯೇನೇ ಬಸಿ?" ಅಂದಳು ಹಾಲಮ್ಮ.

ಅದು ಕೊಂಕೋ, ಅಕ್ಕರೆಯೋ ಬಸಮ್ಮನಿಗೆ ತಿಳಿಯಲಿಲ್ಲ. ಎರಡೂ ಇದ್ದಿರಬೇಕು, ಅಕ್ಕನ ಬಾಯಿಯೇ ಅಂಥದ್ದು.

"ಹ್ಞೂಂ ಅಕ್ಕ," ಅಂದಳು. "ಫೋನಲ್ಲೇ ಬಂದೆ."

ಮತ್ತೆ ಒಂದಿಷ್ಟು ಹೊತ್ತು ಕೂತರು. ಕೂತು ಸಾಕಾದ ಮೇಲೆ ಬಸಮ್ಮ ಗೋಡೆ ಹಿಡಿದು ಎದ್ದಳು. ಇಡ್ತೀನಿ ಅನ್ನಲಿಲ್ಲ, ಬರ್ತೀನಿ ಅನ್ನಲಿಲ್ಲ, ಫೋನನ್ನು ಮುಟ್ಟಲೂ ಇಲ್ಲ. ಅದು ಮಣೆಯ ಮೇಲೆ ಹಾಗೇ ಇತ್ತು. ನೀರು ತೋಡು, ನನ್ನನ್ನು ಯಾರೂ ಮುಟ್ಟಬ್ಯಾಡ್ರಿ ಅಂತ ಮಗನಿಗೆ ಹೇಳಿ ಬಚ್ಚಲ ಕಡೆ ನಡೆದಳು. ಹಿಂದಿನಿಂದ ಫೋನಿನೊಳಗೆ ಬಿಂದುವಿನ ದನಿ ಕೇಳಿಸಿತು. ಚಿಕ್ಕಮ್ಮ ಏನಂದ್ರಮ್ಮ ಅಂತ ಕೇಳುತ್ತಿದ್ದಳು.

"ಏನೂ ಅನ್ಲಿಲ್ಲ," ಅಂದಳು ಹಾಲಮ್ಮ. "ಬಂದು ಹೋದ್ಲು."

ಬಸಮ್ಮ ತಿರುಗಿ ನೋಡದೆ ಬಚ್ಚಲಿಗೆ ಹೋದಳು.