ಆಮೆ ಹೆಜ್ಜೆ ಗುಡಿಸಿದವರು

"ಬಗ್ಗೇ ಮುಂಡೆ, ಬಗ್ಗಿ ಗುಡ್ಸು! ಸೊಂಟ ಏನು ನಿಮ್ಮಪ್ಪ ಕಬ್ಬಿಣದಲ್ಲಿ ಮಾಡ್ಸಿದ್ನಾ?"

ಮೇಸ್ತ್ರಿಯ ಬಾಯಿ ಬೆಳಕು ಹರಿಯುವ ಮೊದಲೇ ಶುರುವಾಗಿತ್ತು. ಮರಳು ಹೊರುವ ನಮ್ಮ ಕೈಗೆ ಪುಟ್ಟಿಯ ಬದಲು ಪೊರಕೆ ಕೊಟ್ಟಿದ್ದ. ರಾತ್ರಿ ನದಿಯಿಂದ ಹತ್ತಿ ಬಂದು ಮೊಟ್ಟೆಯಿಟ್ಟು ಹೋದ ಆಮೆಗಳ ಹೆಜ್ಜೆ ಮರಳುದಿಬ್ಬದ ತುಂಬ ಬಿದ್ದಿತ್ತು. ಅದನ್ನೆಲ್ಲ ಅಳಿಸಬೇಕಿತ್ತು. ಈ ಜಾತಿಯ ಆಮೆ ಇನ್ನೆಲ್ಲೂ ಉಳಿದಿಲ್ಲವಂತೆ. ಇಲ್ಲಿದೆ ಅಂತ ಸಾಬೀತಾದರೆ ದಿಬ್ಬ ಮುಟ್ಟುವ ಹಾಗಿಲ್ಲ. ಇಲ್ಲ ಅಂತಾದರೆ ಧಣಿ ದಿಬ್ಬವನ್ನೇ ಬಗೆದು ಲಾರಿಗೆ ತುಂಬುತ್ತಾನೆ. ನಮ್ಮ ಗುಡಿಸಲುಗಳಿರುವುದು ದಿಬ್ಬದ ಮರೆಯಲ್ಲಿ. ದಿಬ್ಬ ಹೋದರೆ ಮೊದಲ ಪ್ರವಾಹಕ್ಕೇ ನಾವೂ ಹೋದ ಹಾಗೆ. ಗೊತ್ತಿದ್ದೂ ಗುಡಿಸಿದೆವು. ಹೊಟ್ಟೆ ಕೇಳಬೇಕಲ್ಲ.

ಧಣಿ ಕರೆಸಿದ ತಜ್ಞನೊಬ್ಬ ಹೋದ ತಿಂಗಳೇ ಬಂದಿದ್ದ. ಧಣಿ ಮನೆಯಲ್ಲಿ ಗಡದ್ದಾಗಿ ಉಂಡು, ಕಾರಿನಿಂದ ಇಳಿಯದೆಯೇ 'ಆಮೆ ಇಲ್ಲ' ಅಂತ ಬರೆದು ಹೋದ. ಯಾರೋ ಪುಣ್ಯಾತ್ಮರು ಕೋರ್ಟಿಗೆ ಹೋದರು. ಧಣಿಯ ದುಡ್ಡೂ ಸರ್ಕಾರದ ದುಡ್ಡೂ ತಿನ್ನದವರು ಬಂದು ನೋಡಲಿ ಅಂತ ಕೋರ್ಟು ಹೇಳಿತಂತೆ. ಹಾಗೆ ಅವತ್ತು ಒಬ್ಬ ಹೆಂಗಸು ಬಂದಳು. ಧಣಿ ಕೊಟ್ಟ ಕಾಫಿ ಮುಟ್ಟಲಿಲ್ಲ. ನಮ್ಮತ್ತೆ ಕೊಟ್ಟ ನೀರೂ ಬೇಡ ಅಂದಳು.

"ಏನ್ ಬಿಂಕವೋ ಈಯಮ್ಮಂಗೆ," ಅತ್ತೆ ಗೊಣಗಿದಳು.

ಆಯಮ್ಮ ದಿಬ್ಬದ ಮೇಲೆ ಹೋಗಿ ಸುತ್ತಲಿನ ಮರಳನ್ನು ಬಗ್ಗಿ ನೋಡಿದಳು.

"ಇಲ್ಲಿ ಕಾಗೆ ಕೂಡ ಕೂತಿಲ್ವಾ? ನಾಯಿನೂ ಓಡಾಡಿಲ್ವಾ?"

ಅಯ್ಯೋ ನಮ್ಮ ಕರ್ಮವೇ! ಆಮೆ ಹೆಜ್ಜೆ ಅಳಿಸಿ ಅಂದರೆ, ಬೈಗುಳದ ಹೆದರಿಕೆಗೆ ಕಾಗೆ, ನಾಯಿ, ಏಡಿ ಎಲ್ಲದರ ಗುರುತೂ ಬಳಿದುಹಾಕಿದ್ದೆವು. ದಿಬ್ಬ ಮದುವೆ ಮನೆಯ ಅಂಗಳದ ಹಾಗೆ ಕಾಣುತ್ತಿತ್ತು.

"ಯಾರು ಗುಡಿಸಿದ್ದು?"

ಧಣಿ ಕೆಮ್ಮಿದ. ಮೇಸ್ತ್ರಿ ನನ್ನನ್ನೇ ದುರುಗುಟ್ಟಿ ನೋಡಿದ. ನನಗೆ ಸಾಕಾಗಿಹೋಗಿತ್ತು. ಹೆದರಿ ಹೆದರಿಯೂ ಸುಸ್ತಾಗುತ್ತದೆ.

"ನಾವೇ ಕಣಮ್ಮ. ಆಮೆ ಹೆಜ್ಜೆ ನಿಮ್ಗೆ ಕಾಣ್ಬಾರ್ದು ಅಂತ. ದಿನಾ ಬರ್ತವೆ. ಬರ್ಕೊಳ್ಳಿ."

"ನೀವು ಹೇಳಿದ್ರಿ ಅಂತ ಬರ್ಕೋತೀನಿ. ಆಮೆ ಇದೆ ಅಂತ ಬರಿಯೋಕೆ ನಾನೇ ನೋಡ್ಬೇಕು."

ಮೈಯೆಲ್ಲ ಉರಿದುಹೋಯಿತು. "ಅವ್ನು ಕಾರಲ್ಲಿ ಕೂತು ಇಲ್ಲ ಅಂತ ಬರ್ದ. ನಾನು ಬಾಯ್ಬಿಟ್ಟು ಹೇಳಿದ್ರೂ ನೀವು ಬರಿಯಲ್ವಾ? ಅಗೆದು ಮೊಟ್ಟೆ ತೋರಿಸ್ಲಾ?"

"ಅಗೆದ್ರೆ ಕೆಡ್ತವೆ, ಬೇಡ. ನೋಡದೆ ಬರೆದ್ರೆ ಅವ್ನಿಗೂ ನಂಗೂ ಏನು ವ್ಯತ್ಯಾಸ ಅಕ್ಕಾ? ರಾತ್ರಿ ಇಲ್ಲಿರೋಕೆ ನಂಗೆ ಪರ್ಮಿಶನ್ ಇಲ್ಲ. ನಾಳೆ ಬೆಳಿಗ್ಗೆ ಬರ್ತೀನಿ. ಮರಳು ಯಾರೂ ಮುಟ್ಬೇಡಿ."

ಆಯಮ್ಮ ಹೋದದ್ದೇ ತಡ, ಮೇಸ್ತ್ರಿ ನನ್ನ ಜುಟ್ಟು ಹಿಡಿದು ಮರಳಿಗೆ ಕೆಡವಿದ. ಧಣಿ ತಿರುಗಿಯೂ ನೋಡಲಿಲ್ಲ.

"ನಾಳೆ ಅವ್ಳು ಬರೋಕೆ ಮುಂಚೆ ಗುಡ್ಸಿರ್ಬೇಕು. ಈ ಸಲ ಕಾಗೆ ಹೆಜ್ಜೆ ಬಿಡ್ರೇ, ಮುಂಡೇರಾ," ಅಂದು ಧಣಿ ಕಾರು ಹತ್ತಿದ.

ಬೆಳಿಗ್ಗೆ ಮತ್ತೆ ಪೊರಕೆ. ನೀರಿನಂಚಿನಿಂದ ದಿಬ್ಬದ ನೆತ್ತಿಯವರೆಗೆ ಆಮೆಯ ಹೆಜ್ಜೆ ಹಸಿಹಸಿಯಾಗಿ ಬಿದ್ದಿತ್ತು. ಅತ್ತೆ ತನ್ನ ಪೊರಕೆ ಇಸಿದುಕೊಂಡಳು. ಜನ್ಮದಲ್ಲಿ ಮೇಸ್ತ್ರಿಗೆ ಎದುರು ಮಾತಾಡಿದವಳಲ್ಲ ಅವಳು. ಪೊರಕೆಯನ್ನು ನದಿಗೆ ಎಸೆದು, ಉಸ್ಸಪ್ಪಾ ಅಂತ ಆ ಹೆಜ್ಜೆಯ ಪಕ್ಕದಲ್ಲೇ ಕಾಲು ಚಾಚಿ ಕೂತುಬಿಟ್ಟಳು.

"ಏಳೇ ಮುದುಕಿ!"

"ಮೊಣಕಾಲು ನೋಯ್ತದೆ ಕಣಪ್ಪ. ಗುಡ್ಸೋದಾದ್ರೆ ನನ್ನೂ ಸೇರಿಸಿ ಗುಡ್ಸಿಬಿಡು."

ನಾನು ಈಚೆ ಕಡೆ ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ಕೂತರು, ಹೆಜ್ಜೆಗೆ ತಾಗದ ಹಾಗೆ ಬಟ್ಟೆ ಮುದುರಿಕೊಂಡು. ಮೇಸ್ತ್ರಿ ಮರಳು ತೋಡುವ ಯಂತ್ರದವನನ್ನು ಕೂಗಿದ. ಯಂತ್ರ ಗುರ್ರ್ ಅಂತ ನಮ್ಮ ಕಡೆ ತಿರುಗಿತು. ರಸ್ತೆಯಲ್ಲಿ ಆಯಮ್ಮನ ಗಾಡಿ ಇನ್ನೂ ಕಾಣುತ್ತಿರಲಿಲ್ಲ.