ಮೂರು ಪೆಟ್ಟಿಗೆ, ಒಂದು ಸೀಮೆಸುಣ್ಣದ ಗೆರೆ

ಕನ್ನಡಿಯಲ್ಲಿ ಇವತ್ತೂ ಏನೋ ಮಿಸುಕಿತು, ವಾರದಿಂದ ಸುಳಿಯುವ ಪತಂಗವಿರಬೇಕು, ಇರಲಿ ಬಿಡು, ಅದಕ್ಕೂ ಒಂದಿಷ್ಟು ಗಣಿತ ಬರಲಿ — ನೇರಳೆ ಕೋಲು ಏಳರದ್ದು, ಹಸಿರು ಕೋಲು ಮೂರರದ್ದು, ಎರಡನ್ನೂ ತುದಿಗೆ ತುದಿ ತಾಗಿಸಿ ಇಟ್ಟರೆ ಕಿತ್ತಳೆ ಬಣ್ಣದ ಹತ್ತರ ಕೋಲಿಗಿಂತ ಕೂದಲೆಳೆಯಷ್ಟು ಹೆಚ್ಚಿಲ್ಲ, ಕೂದಲೆಳೆಯಷ್ಟು ಕಡಿಮೆಯಿಲ್ಲ, ಅಬ್ಬಬ್ಬಾ, ಅವಳು ಬೆರಳ ತುದಿಯಿಂದ ಸಂದು ತಡವಿದಳು, ಸಂದೇ ಇಲ್ಲ, ಇದನ್ನು ಹೊಲಿದವರು ಯಾರಪ್ಪಾ, ಹೊಲಿದದ್ದಲ್ಲ ಕಣೇ, ಮರ ಕೊಯ್ದು ಮಾಡಿದ್ದು, ಆದರೂ ಇಪ್ಪತ್ತು ವರ್ಷ ಬಟ್ಟೆ ಕತ್ತರಿಸಿದ ಕೈ ಇದು, ಬೀದಿಗೆಲ್ಲ ಕತ್ತರಿಯಕ್ಕ ಅಂತ ಹೆಸರಾದ ಕೈ, ಕಣ್ಣು ಮುಚ್ಚಿ ಕತ್ತರಿ ಆಡಿಸಿದರೂ ನೂಲಿನಷ್ಟು ವ್ಯತ್ಯಾಸ ಬಾರದ ಕೈ, ಆ ಕೈಯೇ ಸೈ ಅಂದ ಮೇಲೆ ಸೈ. ಬಟ್ಟೆ ಕತ್ತರಿಸುವ ಉದ್ದ ಮೇಜಿನ ಮೇಲೆ ಇವತ್ತು ಬಟ್ಟೆಯಿಲ್ಲ, ಹೊಲಿಗೆ ಯಂತ್ರಕ್ಕೆ ವಾರದಿಂದ ರಜೆ, ಮೇಜಿನ ತುಂಬ ಮೂರು ಪೆಟ್ಟಿಗೆಗಳು ಬಾಯಿ ತೆರೆದು ಕೂತಿವೆ, ಮನೆಯಲ್ಲೇ ಮಕ್ಕಳಿಗೆ ಲೆಕ್ಕ ಕಲಿಸುವ ಮೂರು ಕಂಪನಿಯ ಮೂರು ಪಾಠಕ್ರಮ, ಓದಿ ಕಲಿಯುವುದಲ್ಲ, ಕೈಯಲ್ಲಿ ಹಿಡಿದು ಕಲಿಯುವುದು, ಒಂದರಲ್ಲಿ ಬಣ್ಣದ ಕೋಲು, ಇನ್ನೊಂದರಲ್ಲಿ ಪುಟ್ಟ ತಕ್ಕಡಿ, ಮತ್ತೊಂದರಲ್ಲಿ ಮಣಿಸರ, ಏಳು ದಿನ ಇಟ್ಟುಕೊಂಡು ನೋಡಿ, ಬೇಕಾದ್ದನ್ನು ಉಳಿಸಿಕೊಂಡು ಬೇಡವಾದ್ದನ್ನು ವಾಪಸ್ ಕಳಿಸಿ, ಆದರೆ ಗೀರು ಬಿದ್ದರೆ ವಾಪಸ್ ಇಲ್ಲ, ಒಂದು ಮಣಿ ಕಳೆದರೂ ವಾಪಸ್ ಇಲ್ಲ. ಇವತ್ತು ಏಳನೆಯ ದಿನ. ಹನ್ನೊಂದು ಗಂಟೆಗೆ ಪಾರ್ಸೆಲ್ಲಿನವರು ಬರುತ್ತಾರೆ, ಈಗ ಹತ್ತೂ ಕಾಲು, ಮುಕ್ಕಾಲು ಗಂಟೆ ಇದೆ, ಮುಕ್ಕಾಲು ಗಂಟೆಯಲ್ಲಿ ಅವಳು ಮದುವೆಯ ಉಡುಪನ್ನೇ ಬಿಚ್ಚಿ ಮತ್ತೆ ಹೊಲಿದು ಕಳಿಸಿದ್ದುಂಟು, ಮೂರರಲ್ಲಿ ಒಂದನ್ನು ಆರಿಸುವುದು ಯಾವ ಮಹಾ.

ಮಹಾ ಹೌದು, ಅಲ್ಲ ಅಂದವರು ಯಾರು, ಈ ಭೂಮಿಯ ಮೇಲೆ ಲೆಕ್ಕವನ್ನು ಇವಳಷ್ಟು ಆನಂದವಾಗಿ ಯಾರೂ ಕಲಿತಿಲ್ಲ, ಲೆಕ್ಕ ಕಂಡುಹಿಡಿದವನಿಗೇ ಇಷ್ಟು ಖುಷಿಯಾಗಿರಲಿಕ್ಕಿಲ್ಲ, ಶಾಲೆಯಲ್ಲಿ ಅವಳಿಗೆ ಲೆಕ್ಕವೆಂದರೆ ಹೊಟ್ಟೆನೋವು, ಭಿನ್ನರಾಶಿ ಎಂದರೆ ಜ್ವರ, ಈಗ ನೋಡಿ, ಸೋಮವಾರ ಕೋಲು ತೆರೆದವಳು ಊಟ ಮರೆತಳು, ಮಂಗಳವಾರ ತಕ್ಕಡಿಯ ಒಂದು ತಟ್ಟೆಗೆ ಎಂಟು ಎಂದು ಬರೆದ ಬಿಲ್ಲೆ ಹಾಕಿ ಇನ್ನೊಂದಕ್ಕೆ ನಾಲ್ಕು ನಾಲ್ಕು ಹಾಕಿದಳು, ಮುಳ್ಳು ಅಲ್ಲಾಡಿ ಅಲ್ಲಾಡಿ ನಡುವೆ ನಿಂತಿತು, ಅವಳು ಕಿರುಚಿದ ಕಿರುಚಿಗೆ ಎದುರುಮನೆಯ ನಾಯಿ ಮೂರು ಬೀದಿ ದಾಟಿ ಓಡಿತು, ಬುಧವಾರ ಮಣಿ — ಹತ್ತರ ಸರ ಹತ್ತು ಸೇರಿದರೆ ನೂರರ ಚಾಪೆ, ಚಾಪೆ ಹತ್ತು ಪೇರಿಸಿದರೆ ಸಾವಿರದ ಗುಡ್ಡೆ, ಸಾವಿರವನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದಳಲ್ಲ, ಮಗು ಹುಟ್ಟಿದಾಗ ಎತ್ತಿಕೊಂಡ ಹಾಗೆ, ಕಣ್ಣಲ್ಲಿ ನೀರೇ ಬಂತು. ಗಂಡ ಲಿಫ್ಟ್ ರಿಪೇರಿಯವನು, ಇವತ್ತು ಮಧ್ಯಾಹ್ನದ ಪಾಳಿ, ಚಹಾ ಲೋಟ ಹಿಡಿದು ಬಾಗಿಲಿಗೆ ಒರಗಿ ನಿಂತಿದ್ದಾನೆ, ಏನಮ್ಮಾ ಇನ್ನೂ ಆಗ್ಲಿಲ್ವಾ, ನನ್ನನ್ನ ಒಪ್ಪೋಕೂ ಇಷ್ಟು ಹೊತ್ತು ತಗೊಂಡಿರ್ಲಿಲ್ಲ ನೀನು, ಏಳು ದಿನದಲ್ಲಿ ವಾಪಸ್ ಕಳಿಸೋ ಸೌಲಭ್ಯ ನಿಮಗೂ ಇದ್ದಿದ್ರೆ ಆಗ್ಲೂ ತಗೋತಿದ್ದೆ ರೀ, ಅವನು ನಕ್ಕ, ಚಹಾ ಚೆಲ್ಲಿತು, ಅಯ್ಯೋ ದೂರ, ದೂರ, ಪೆಟ್ಟಿಗೆ! — ಅವಳು ಎರಡೂ ಕೈ ಅಗಲಿಸಿ ಮೇಜಿಗೆ ಅಡ್ಡ ನಿಂತಳು, ಗೆರೆಯಿಂದ ಆಚೆ ನಿಂತ್ಕೊಳ್ಳಿ, ನಿಮಗೂ ಅದೇ ಕಾನೂನು. ಗೆರೆಯೆಂದರೆ ಮೇಜಿನ ಮುಂದೆ, ಎರಡು ಹೆಜ್ಜೆ ಬಿಟ್ಟು, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ನೆಲದ ಮೇಲೆ ಅವಳೇ ಎಳೆದ ಗೆರೆ, ಮೊದಲ ದಿನವೇ ಎಳೆದಿದ್ದಳು, ಮಾಸಿದಷ್ಟೂ ದಿನಾ ಬೆಳಿಗ್ಗೆ ತಿದ್ದಿದ್ದಳು, ಮಕ್ಕಳಿಬ್ಬರೂ ಅದರಾಚೆ, ದಾಟಿದರೆ ಹುಷಾರ್, ಮುಟ್ಟಿದರೆ ಗೀರು ಬೀಳತ್ತೆ, ಗೀರು ಬಿದ್ದರೆ ವಾಪಸ್ ಇಲ್ಲ. ಐದು ವರ್ಷದ ಮಗ, ಸದಾ ಬಡಿದುಕೊಳ್ಳುವುದಕ್ಕೆ ಡೋಲು ಅಂತಲೇ ಹೆಸರು, ಗೆರೆಯ ಮೇಲೆ ಹೆಬ್ಬೆರಳು ಊರಿ ಬಾಣದ ಹಾಗೆ ನಿಂತಿದ್ದಾನೆ, ಅಮ್ಮಾ ಒಂದ್ಸಲ, ಅಮ್ಮಾ ಒಂದೇ ಒಂದ್ಸಲ, ಅಮ್ಮಾ ಉಗುರಲ್ಲಿ ಮಾತ್ರ, ಉಹೂಂ, ನಾಳೆ, ಆರಿಸಿದ ಮೇಲೆ, ಆಗ ಕುಣಿ. ಏಳು ವರ್ಷದ ಮಗಳು ಇರುವೆ, ಸದ್ದಿಲ್ಲದೆ ಸಾಲು ಹಿಡಿದು ಹೋಗುವವಳು, ಅವಳು ಕೇಳುವುದೇ ಇಲ್ಲ, ಕೈ ಎರಡೂ ಬೆನ್ನ ಹಿಂದೆ, ನೋಡ್ರೀ ನೋಡ್ರೀ ಎಂಥ ಶಿಸ್ತು, ನನ್ನ ಮಗಳು ರಾಜಕುಮಾರಿ — ಮತ್ತೆ ಕನ್ನಡಿಯಲ್ಲಿ ಏನೋ ಮಿಸುಕಿತು, ಗಿರಾಕಿಗಳು ಅಳತೆ ನೋಡಿಕೊಳ್ಳುವ ಆಳೆತ್ತರದ ಕನ್ನಡಿ ಅದು, ಮಕ್ಕಳ ಹಿಂದಿನ ಗೋಡೆಗೆ ಒರಗಿದೆ, ಕೆಳಗಡೆ ಎಲ್ಲೋ, ಪತಂಗವಲ್ಲ, ಇರುವೆಯ ಫ್ರಾಕಿನ ಸೊಂಟಪಟ್ಟಿ ಬಿಚ್ಚಿ ಜೋತಾಡುತ್ತಿರಬೇಕು, ಆಮೇಲೆ ಎರಡು ಹೊಲಿಗೆ ಹಾಕಿದರಾಯಿತು.

ಆದರೆ ಆರಿಸಬೇಕು, ತಪ್ಪಿ ಆರಿಸುವ ಹಾಗಿಲ್ಲ, ಯಾಕೆಂದರೆ ಒಂದು ವರ್ಷ ಅಂದಿದ್ದಾನೆ ಗಂಡ, ತಮಾಷೆಯವನೇ, ಆದರೆ ಅದನ್ನು ಹೇಳುವಾಗ ನಕ್ಕಿರಲಿಲ್ಲ, ನೋಡು, ಒಂದು ವರ್ಷ ಮನೇಲಿ ಕಲಿಸು, ಅಷ್ಟರೊಳಗೆ ಇರುವೆ ಲೆಕ್ಕಕ್ಕೆ ಬಾಯಿ ಬಿಡ್ಲಿಲ್ಲ ಅಂದ್ರೆ ಮತ್ತೆ ಶಾಲೆಗೇ ಕಳಿಸೋಣ, ಅದೇ ಶಾಲೆ, ಅದೇ ಬೆಂಚು, ಅದೇ ಟೀಚರು. ವರ್ಷದಲ್ಲಿ ನಾಲ್ಕು ತಿಂಗಳು ಆಗಲೇ ನೀರಿನ ಹಾಗೆ ಹರಿದುಹೋಯಿತು. ಆ ಟೀಚರು ಕೇಳಿದ್ದು ಏನು, ಏಳಕ್ಕೆ ಎಷ್ಟು ಸೇರಿಸಿದ್ರೆ ಹತ್ತು, ಅಷ್ಟೇ, ಇರುವೆ ಬೆರಳು ಬಿಡಿಸತೊಡಗಿದಳು, ಟೀಚರು ನಿಲ್ಲಿಸಿದರು, ಬೆರಳು ಎಣಿಸೋದು ದಡ್ಡರ ಕೆಲಸ, ಕೈ ಹಿಂದೆ ಕಟ್ಕೋ, ಈಗ ಹೇಳು, ಬಾಯಲ್ಲಿ ಹೇಳು, ಇಡೀ ತರಗತಿ ತಿರುಗಿ ನೋಡಿತು, ಯಾರೋ ಕಿಸಕ್ಕೆಂದರು, ಅವತ್ತಿನಿಂದ ಅಂಕಿ ಎಂದರೆ ಮಗಳ ಬಾಯಿಗೆ ಬೀಗ, ಕೀಲಿಕೈ ಸಮುದ್ರದ ತಳಕ್ಕೆ, ವಯಸ್ಸೆಷ್ಟು ಪುಟ್ಟಾ ಎಂದರೂ ನೆಲ ನೋಡುತ್ತಾಳೆ. ಗಂಡನ ಅಕ್ಕ, ಮೂವತ್ತು ವರ್ಷ ಮೇಷ್ಟ್ರಗಿರಿ ಮಾಡಿ ನಿವೃತ್ತರಾದವರು, ಮೊನ್ನೆ ಫೋನಿನಲ್ಲಿ, ಏನೇ ಅದು ಮಣಿ, ಕೋಲು, ಆಟದ ಸಾಮಾನಲ್ಲಿ ಲೆಕ್ಕ ಬರುತ್ತಾ, ಮಗ್ಗಿ ಬಾಯಿಪಾಠ ಮಾಡ್ಸು ಸಾಕು, ಆ ಹುಡುಗಿಗೆ ಲೆಕ್ಕ ಹತ್ತಲ್ಲ ಅಂತ ಎಲ್ಲರಿಗೂ ಗೊತ್ತು, ಅಂಗೈ ಹುಣ್ಣಿಗೆ ಕನ್ನಡಿ ಬೇಕಾ, ಇವಳು ಹೂಂ ಅತ್ತಿಗೆ, ಹೂಂ ಅತ್ತಿಗೆ ಅನ್ನುತ್ತಲೇ ಇನ್ನೊಂದು ಕೈಯಲ್ಲಿ ಕೋಲು ಜೋಡಿಸುತ್ತಿದ್ದಳು, ಅತ್ತಿಗೆ ಫೋನಿಡುವ ಹೊತ್ತಿಗೆ ಏಳೆಂಟ್ಲ ಐವತ್ತಾರು ಆಯತವಾಗಿ ಮೇಜಿನ ಮೇಲೆ ಮಲಗಿತ್ತು, ಬಾಯಿಪಾಠವಿಲ್ಲದೆ! — ಹಾಗಾದರೆ ಕೋಲೇ, ಕೋಲೇ ಸರಿ, ಇಲ್ಲ, ತಕ್ಕಡಿ, ತಕ್ಕಡಿಯಾದರೆ ತಪ್ಪನ್ನು ಅದೇ ಹೇಳುತ್ತದೆ, ಗದರುವುದಿಲ್ಲ, ಸುಮ್ಮನೆ ವಾಲುತ್ತದೆ, ಇರುವೆಗೆ ಅಂಥ ಮೇಷ್ಟ್ರು ಬೇಕು, ಆದರೆ ಮಣಿ, ಆ ಸಾವಿರ, ಡೋಲು ನುಂಗಿಬಿಟ್ಟರೆ, ಸಾವಿರದಲ್ಲಿ ಒಂದು ಕಳೆದರೆ ಹೊಟ್ಟೆಯೊಳಗೆ ಒಂದು, ಅದೂ ಒಂದು ಲೆಕ್ಕವೇ, ಅವಳಿಗೆ ನಗು ಬಂತು, ತಕ್ಕಡಿಯ ಎಡಗಡೆಗೆ ಎಂಟು ಹಾಕಿದಳು, ಬಲಗಡೆಗೆ ಐದು, ಎಡಕ್ಕೆ ವಾಲಿತು, ಇನ್ನೆಷ್ಟು ಬೇಕಪ್ಪಾ ಎಂದು ಬಿಲ್ಲೆಗಳ ರಾಶಿಯಲ್ಲಿ ಕೈಯಾಡಿಸುತ್ತ ಸುಮ್ಮನೆ ತಲೆಯೆತ್ತಿದಳು, ಅಂಚು ಸರಿ ಕೂತಿತೇ ಎಂದು ಗಳಿಗೆಗೊಮ್ಮೆ ಕನ್ನಡಿ ನೋಡುವ ದರ್ಜಿಯ ಚಾಳಿ.

ಪತಂಗವಲ್ಲ. ಸೊಂಟಪಟ್ಟಿಯೂ ಅಲ್ಲ. ಮಗಳ ಬೆನ್ನ ಹಿಂದೆ ಕಟ್ಟಿದ ಕೈ ಬಿಚ್ಚಿದೆ, ಮೂರು ಬೆರಳು ನೆಟ್ಟಗೆ ನಿಂತಿವೆ. ಬಿಲ್ಲೆ ಇನ್ನೂ ಸಿಕ್ಕಿಲ್ಲ, ತಾಯಿಯ ಕೈ ಇನ್ನೂ ರಾಶಿಯಲ್ಲೇ ಇದೆ, ಕನ್ನಡಿಯಲ್ಲಿ ಆಗಲೇ ಮೂರು, ಎದುರಿಗೆ ಮಾತ್ರ ಇರುವೆಯ ಮುಖ ಖಾಲಿ ಸ್ಲೇಟು, ತುಟಿ ಅಂಟಿಸಿದ ಹಾಗೆ. ಕಾಕತಾಳೀಯ ಕಣೇ, ಬೆರಳು ನೋವಿಗೆ ಬಿಡಿಸಿರಬೇಕು, ಇರು, ಇರು, ಅವಳು ಏನೂ ಅರಿಯದವಳ ಹಾಗೆ ಹತ್ತರ ಮಣಿಸರ ಎತ್ತಿ ಮೇಜಿನ ಮೇಲೆ ಹಾಸಿದಳು, ನಾಲ್ಕು ಮಣಿಗಳ ಮೇಲೆ ಅಂಗೈ ಮುಚ್ಚಿದಳು, ಕಣ್ಣು ಮಾತ್ರ ಕನ್ನಡಿಗೆ — ಅಲ್ಲಿ ಒಂದು ಕೈ ಪೂರ್ತಿ ಅರಳಿತು, ಪಕ್ಕದ ಕೈಯಿಂದ ಒಂದು ಹೆಬ್ಬೆರಳು ಎದ್ದಿತು, ಆರು. ಆರು! ಅಯ್ಯೋ ನನ್ನ ಬಂಗಾರ, ಬಾಯಿಗೆ ಬೀಗ ಬಿದ್ದರೇನಂತೆ, ಬೆರಳು ಇಷ್ಟು ದಿನ ಹಿತ್ತಿಲ ಬಾಗಿಲಿನಿಂದ ಓಡಾಡಿಕೊಂಡೇ ಇದ್ದವು, ಸೋಮವಾರ ಮಿಸುಕಿದ್ದು, ಮಂಗಳವಾರ ಮಿಸುಕಿದ್ದು, ವಾರವಿಡೀ ಮಿಸುಕಿದ್ದು ಎಲ್ಲ ಇದೇ, ಊರಿಗೆಲ್ಲ ಕೇಳುವ ಹಾಗೆ ಕಿರುಚಿದವಳು ತಾನು, ನಿಜವಾಗಿ ಲೆಕ್ಕ ಮಾಡಿದವಳು ಆ ಗೆರೆಯ ಆಚೆ — ಗೆರೆ. ಗೆರೆ ಎಳೆದವರು ಯಾರು. ಕೈ ಹಿಂದೆ ಕಟ್ಕೋ ಅಂದವರು ಆ ಟೀಚರು ಒಬ್ಬರೇ ಅಂದುಕೊಂಡಿದ್ದಳಲ್ಲ, ಕೈಯಲ್ಲಿ ಹಿಡಿದು ಕಲಿಯುವ ಲೆಕ್ಕವಂತೆ, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿದೆ, ಮೂರೂ ಪೆಟ್ಟಿಗೆಯ ಮೇಲೆ, ಏಳು ದಿನ ಹಿಡಿದ ಕೈ ಯಾರದ್ದು, ಶಿಸ್ತಂತೆ, ರಾಜಕುಮಾರಿಯಂತೆ, ಅತ್ತಿಗೆ, ಬೇಕು ಅತ್ತಿಗೆ, ಅಂಗೈ ಹುಣ್ಣಿಗೂ ಕನ್ನಡಿ ಬೇಕು ನನ್ನಂಥವಳಿಗೆ. ಗಂಟೆ ಬಾರಿಸಿತು. ಬೆಲ್ಲು ರೀ, ಪಾರ್ಸೆಲ್ಲಿನವರು, ಗಂಡ ಬಾಗಿಲು ತೆಗೆದ, ಹೆಲ್ಮೆಟ್ ತೆಗೆಯದ ಹೆಂಗಸೊಬ್ಬರು ಹೊಸ್ತಿಲ ಮೇಲೆ, ಅಮ್ಮಾ ಯಾವುದು ವಾಪಸ್ಸು, ಬೇಗ ಹೇಳಿ, ಇನ್ನೂ ಹದಿನಾಲ್ಕು ಮನೆ ಇದೆ, ಒಂದು ನಿಮಿಷ, ಒಂದೇ ಒಂದು ನಿಮಿಷ, ಅವಳು ಮೇಜು ಸುತ್ತಿ ಬಂದಳು, ಬರಿಗಾಲಿನಲ್ಲಿ ನೀಲಿ ಗೆರೆಯನ್ನು ಉಜ್ಜಿದಳು, ಎಡಕ್ಕೆ, ಬಲಕ್ಕೆ, ಹಿಮ್ಮಡಿ ನೀಲಿಯಾಯಿತು, ಮುಟ್ರೋ, ಏನು ಬೇಕಾದ್ರೂ ಮುಟ್ರೋ! — ಆ ಮಾತು ನೆಲಕ್ಕೆ ಬೀಳುವ ಮೊದಲೇ ಡೋಲು ಮೇಜು ಹತ್ತಿದ್ದ, ಹಸಿರು ಕೋಲು ಬಾಯಿಗೆ ಹೋಗಿತ್ತು, ಕಟಕ್ ಅಂತು, ತೆಗೆದು ನೋಡಿದರೆ ನಾಲ್ಕು ಹಲ್ಲಿನ ಗುರುತು, ಮುದ್ರೆ ಒತ್ತಿದಷ್ಟು ಸ್ಪಷ್ಟ, ಗಂಡ ಗೋಡೆ ಹಿಡಿದುಕೊಂಡು ನಗುತ್ತಿದ್ದಾನೆ, ಆಯ್ತು ಬಿಡಮ್ಮಾ, ಆಯ್ಕೆ ಮುಗೀತು, ಸಹಿಯೂ ಬಿತ್ತು, ಕೋಲು ನಮ್ದು, ಉಳಿದೆರಡು ಇವ್ರದ್ದು. ಆಯ್ತು, ಕೋಲು, ಕೋಲೇ, ಕಟ್ಟಿ ಕಳಿಸಿ ರೀ ಉಳಿದದ್ದನ್ನ.

ಆದರೆ ಇರುವೆ ಕದಲಿಲ್ಲ. ಗೆರೆ ಇದ್ದ ಜಾಗದಲ್ಲೇ, ಈಗ ಬರಿ ನೀಲಿ ಮಸುಕು, ಅದರ ಮೇಲೆ ಹತ್ತು ಕಾಲ್ಬೆರಳು, ಕೈ ಬೆನ್ನ ಹಿಂದೆ, ಬಾ ಮಗಳೇ ಅನ್ನಬೇಕು, ಅನ್ನಬಾರದು, ಹೇಳು ಎಷ್ಟು ಅನ್ನಲೇಬಾರದು, ಬಾಯಲ್ಲಿ ಹೇಳು ಅಂದವರ ಕಾಲ ಮುಗಿಯಿತು, ಕೋಟಿ ಉಪಾಯದ ಕತ್ತರಿಯಕ್ಕನ ತಲೆಯಲ್ಲಿ ಒಂದೂ ಉಪಾಯವಿಲ್ಲ, ಬಾಗಿಲಲ್ಲಿ ಟೇಪು ಪರ್ರನೆ ಎಳೆಯುವ ಸದ್ದು, ತಕ್ಕಡಿ ಪೆಟ್ಟಿಗೆಯೊಳಗೆ ಹೋಯಿತು, ಸಾವಿರ ಮಣಿ ಹೋಯಿತು, ಹೋಗಲಿ, ಅವಳು ಮಗಳ ಮುಂದೆ ಬೆನ್ನು ತಿರುಗಿಸಿ ಮಂಡಿಯೂರಿ ಕೂತಳು, ತನ್ನ ಎರಡೂ ಕೈಯನ್ನು ಬೆನ್ನ ಹಿಂದೆ ತಂದಳು, ಹಾಗೇ, ಅವಳ ಹಾಗೇ, ಒಂದು ಕೈಯಲ್ಲಿ ಐದು ಬಿಚ್ಚಿದಳು, ಇನ್ನೊಂದರಲ್ಲಿ ಎರಡು, ಉಳಿದ ಮೂರನ್ನು ಮಡಿಸಿಟ್ಟಳು, ಏಳು, ಏಳಕ್ಕೆ — ಕೇಳಲಿಲ್ಲ, ಈಗ ಕನ್ನಡಿಯೂ ಬೆನ್ನ ಹಿಂದೆ, ಏನೂ ಕಾಣುವುದಿಲ್ಲ, ಎದುರಿಗೆ ಮೇಜಿನ ಕಾಲು, ಒಂದು ಗುಂಡುಸೂಜಿ, ಸೀಮೆಸುಣ್ಣದ ತುಂಡು, ಉಸಿರು ಬಿಡಬೇಡ ಕಣೇ, ಬಿಟ್ಟರೆ ಹಾರಿಹೋಗುತ್ತದೆ, ಹಿಂದೆ ಫ್ರಾಕಿನ ಸರಬರ, ಕೈಗೆ ಬಿಸಿ ಉಸಿರು, ಆಮೇಲೆ ಒಂದು ಪುಟ್ಟ ಬೆರಳು, ಸೂಜಿಯಷ್ಟು ಸಣ್ಣದು, ಅವಳ ಮಡಿಸಿದ ಬೆರಳಿನ ಅಡಿಗೆ ತೂರಿತು, ನಿಧಾನಕ್ಕೆ ಎತ್ತಿ ನೆಟ್ಟಗೆ ನಿಲ್ಲಿಸಿತು, ಒಂದು, ಪಕ್ಕದ್ದರ ಅಡಿಗೆ ತೂರಿತು, ಎರಡು, ಆಮೇಲೆ ನಿಂತಿತು, ಅಯ್ಯೋ ನಿಂತಿತಲ್ಲ, ಇಲ್ಲ, ಇದೆ, ಇಲ್ಲೇ ಇದೆ, ಕೊನೆಯದರ ಅಡಿಗೆ, ತೂರುತ್ತಿದೆ, ಎತ್ತುತ್ತಿದೆ — ಮೂರು ಬೆರಳು ನೆಟ್ಟಗೆ. ಮೂರು ಬೆರಳು.